ಬಾಟಲಿಯಲ್ಲಿ ಸೊಳ್ಳೆ ಮರಿ, ನೋಟ್‌ಬುಕ್ಕಿನಲ್ಲಿ ಅದರ ಕಥೆ: ಪ್ರಾಜೆಕ್ಟ್ ಮಾಡಿಸಿ, ಬರೆಸಿ ವಿಜ್ಞಾನ ಕಲಿಸುವ ಬಗೆ

ನಮ್ಮ ಶಾಲೆಗಳಲ್ಲಿ ಪ್ರಾಜೆಕ್ಟ್ ಅಂದರೆ ಏನು ಅಂತ ಎಲ್ಲರಿಗೂ ಗೊತ್ತು. ಶುಕ್ರವಾರ ಮೇಷ್ಟ್ರು ವಿಷಯ ಕೊಡುತ್ತಾರೆ. ಭಾನುವಾರ ಅಪ್ಪ ಸ್ಟೇಷನರಿ ಅಂಗಡಿಗೆ ಓಡುತ್ತಾರೆ. ಸೋಮವಾರ ನಲವತ್ತು ಡ್ರಾಯಿಂಗ್ ಶೀಟ್ ಬರುತ್ತವೆ, ನಲವತ್ತರಲ್ಲೂ ಅದೇ ಚಾರ್ಟಿನಿಂದ ಕತ್ತರಿಸಿದ ಅದೇ ಚಿತ್ರ. ನಾನೂ ವರ್ಷಗಟ್ಟಲೆ ಹಾಗೇ ಮಾಡಿಸಿದವನು. ಒಂದು ಸಲ, ಸೊಳ್ಳೆಯ ಜೀವನಚಕ್ರವನ್ನು ಚೆಂದವಾಗಿ ಅಂಟಿಸಿ ಹತ್ತಕ್ಕೆ ಹತ್ತು ತೆಗೆದುಕೊಂಡಿದ್ದ ಹುಡುಗಿಯನ್ನು ಶಾಲೆಯ ಹಿಂದಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದೆ. ನೀರಲ್ಲಿ ಕುಣಿಯುತ್ತಿದ್ದುದನ್ನು ತೋರಿಸಿ ‘ಇದೇನು?’ ಅಂದೆ. ‘ನೀರಿನ ಹುಳ ಸರ್’ ಅಂದಳು. ಚಾರ್ಟಿನಲ್ಲಿ ಲಾರ್ವಾ ಅಂತ ಬರೆದಿದ್ದು ಇದನ್ನೇ ಅಂತ ಅವಳಿಗೆ ಹೊಳೆಯಲೇ ಇಲ್ಲ. ತಪ್ಪು ಅವಳದ್ದಲ್ಲ ಬಿಡಿ.

ಆಮೇಲೆ ನಾನು ಕಂಡುಕೊಂಡ ಒಂದು ದಾರಿ ಇಲ್ಲಿದೆ. ಏಳು, ಎಂಟನೇ ತರಗತಿಗೆ ಹೊಂದುತ್ತದೆ, ಮೂರು ವಾರ ಬೇಕು. ಮಕ್ಕಳು ಸೊಳ್ಳೆ ಮರಿಗಳನ್ನು ಹುಡುಕಿ, ಬಾಟಲಿಯಲ್ಲಿಟ್ಟು ನೋಡಿ, ಆಮೇಲೆ ಅದರ ಕಥೆ ಬರೆಯುತ್ತಾರೆ. ಕಥೆ ಬರೆಸುವುದು ಮಜಾಕ್ಕಲ್ಲ, ಮಜಾ ಇದ್ದೇ ಇರುತ್ತದೆ. ಪ್ರಶ್ನೋತ್ತರವನ್ನು ಗೈಡ್ ನೋಡಿ ಬರೆಯಬಹುದು. ಕಥೆಯಲ್ಲಿ ‘ಮುಂದೇನಾಯ್ತು’ ಅನ್ನುವುದನ್ನು ಮಗುವೇ ತೀರ್ಮಾನ ಮಾಡಬೇಕು. ಅರ್ಥವಾಗದ್ದು ಅಲ್ಲಿ ಅಡಗಿ ಕೂರಲ್ಲ, ಹೊರಗೆ ಬಂದೇ ಬರುತ್ತದೆ.

ವಿಷಯ ಬೇಡ, ಪ್ರಶ್ನೆ ಕೊಡಿ

‘ಸೊಳ್ಳೆಯ ಬಗ್ಗೆ ಮಾಹಿತಿ ಸಂಗ್ರಹಿಸಿ’ ಅಂದಿರೋ, ಕೆಟ್ಟಿತು. ಅದರ ಉತ್ತರ ಮೊಬೈಲಿನಲ್ಲಿದೆ. ಮೊಬೈಲಿನಲ್ಲಿ ಸಿಗದ ಪ್ರಶ್ನೆ ಬೇಕು: ‘ನಮ್ಮ ಶಾಲೆಯ ಸುತ್ತಲಿನ ಇಪ್ಪತ್ತು ಮನೆಗಳಲ್ಲಿ ಸೊಳ್ಳೆ ಎಲ್ಲಿ ಹುಟ್ಟುತ್ತಿದೆ? ಅದನ್ನು ನಿಲ್ಲಿಸುವುದು ಹೇಗೆ?’ ಇದಕ್ಕೆ ಉತ್ತರ ಗೊತ್ತಿರುವವರು ನಿಮ್ಮೂರಲ್ಲಿ ಸದ್ಯಕ್ಕೆ ಯಾರೂ ಇಲ್ಲ, ನೀವೂ ಸೇರಿ. ಅದು ಮಕ್ಕಳಿಗೆ ಬೇಗ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಅವರ ನಡಿಗೆಯೇ ಬೇರೆ.

ಜೂನ್ ಕೊನೆಯಿಂದ ಸೆಪ್ಟೆಂಬರ್ ಒಳಗೆ ಶುರು ಮಾಡಿ. ಮಳೆ ಬಂದು ಬಿಟ್ಟು ಬಂದು ಬಿಟ್ಟು ಆಗುವ ಕಾಲವೇ ಸರಿ. ನಾಲ್ಕೈದು ಮಕ್ಕಳ ಗುಂಪು ಮಾಡಿ. ಬೇಕಾಗುವ ಸಾಮಾನು ಇಷ್ಟೇ: ಸೌಟು, ಬಿಳಿ ತಟ್ಟೆ, ಟಾರ್ಚ್, ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ, ಹಳೇ ಸೊಳ್ಳೆ ಪರದೆಯ ತುಂಡು, ರಬ್ಬರ್ ಬ್ಯಾಂಡ್, ಒಂದು ಭೂತಗನ್ನಡಿ.

ಹೊರಡುವ ಮುಂಚೆ ಒಂದು ಕೆಲಸ ಇದೆ, ಮರೀಬೇಡಿ. ಪ್ರತಿ ಮಗುವಿಗೂ ಅರ್ಧ ಹಾಳೆ ಕೊಟ್ಟು ‘ಸೊಳ್ಳೆ ಎಲ್ಲಿಂದ ಬರುತ್ತದೆ, ಏನು ತಿನ್ನುತ್ತದೆ, ಯಾಕೆ ಕಚ್ಚುತ್ತದೆ?’ ಅಂತ ಬರೆಸಿ. ತಿದ್ದಬೇಡಿ. ಓದಲೂ ಬೇಡಿ. ಕವರಿಗೆ ಹಾಕಿ, ಗಮ್ ಹಚ್ಚಿ, ಬೀರುವಿನಲ್ಲಿಡಿ.

ಹುಡುಕಾಟ

ಊರಿನ ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿಕೊಳ್ಳಿ. ಲಾರ್ವಾ ಸಮೀಕ್ಷೆ ಅವರಿಗೆ ಹೊಸದಲ್ಲ. ಅವರು ಜೊತೆಗಿದ್ದರೆ ಜನ ಗೇಟು ತೆಗೆಯುತ್ತಾರೆ, ಮಕ್ಕಳಿಗೂ ಧೈರ್ಯ. ಪೋಷಕರ ಒಪ್ಪಿಗೆ ಚೀಟಿ ತರಿಸಿಕೊಳ್ಳಿ. ಎಲ್ಲರಿಗೂ ತುಂಬು ತೋಳಿನ ಅಂಗಿ ಇರಲಿ. ಯಾಕೆಂದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಬೆಳಿಗ್ಗೆ ಬಿಸಿಲೇರುವ ಹೊತ್ತಲ್ಲಿ, ಸಂಜೆ ಹೊತ್ತು ಮುಳುಗುವ ಮುಂಚೆ ಅದರ ಕಾಟ ಜಾಸ್ತಿ.

ಎಲ್ಲಿ ನೋಡಬೇಕು ಅನ್ನುವುದು ಊರಿನ ಮೇಲೆ ಹೋಗುತ್ತದೆ. ನಮ್ಮ ಕರಾವಳಿ ಕಡೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಹಾಲು ಹಿಡಿಯುವ ಗೆರಟೆ, ಅಂಗಳದ ಹೂಕುಂಡದ ತಟ್ಟೆ. ಬಯಲುಸೀಮೆಯಲ್ಲಾದರೆ ವಾರಕ್ಕೊಮ್ಮೆ ನೀರು ಬರುತ್ತದೆ ಅಂತ ತುಂಬಿಟ್ಟ ಸಿಮೆಂಟ್ ತೊಟ್ಟಿ, ಬ್ಯಾರಲ್. ಪೇಟೆಯಲ್ಲಿ ಫ್ರಿಜ್ ಹಿಂದಿನ ಟ್ರೇ, ಟೈರ್ ಅಂಗಡಿ, ಮುಚ್ಚಳ ಹಾರಿಹೋದ ಸಿಂಟೆಕ್ಸ್ ಟ್ಯಾಂಕ್, ಕಟ್ಟಡ ಕೆಲಸ ನಡೆಯುವ ಜಾಗ. ಚರಂಡಿಗೆ ಕೈ ಹಾಕಿಸಬೇಡಿ. ಈಡಿಸ್‌ಗೆ ಬೇಕಾದ್ದು ನಿಂತ ಚೊಕ್ಕ ನೀರು. ಚರಂಡಿಯ ಗಲೀಜು ನೀರನ್ನು ಮೆಚ್ಚುವುದು ಕ್ಯೂಲೆಕ್ಸ್ ಅನ್ನುವ ಬೇರೆ ಬಗೆಯ ಸೊಳ್ಳೆ.

ಸೌಟಿನಲ್ಲಿ ನೀರು ತೆಗೆದು ಬಿಳಿ ತಟ್ಟೆಗೆ ಸುರಿದರೆ ಮರಿ ಎದ್ದು ಕಾಣುತ್ತದೆ. ಮನೆ, ಪಾತ್ರೆ, ಮರಿ ಇದೆಯೋ ಇಲ್ಲವೋ, ಇಷ್ಟು ಗುರುತು ಹಾಕಿಕೊಂಡರೆ ಸಾಕು. ಶಾಲೆಗೆ ಬಂದು ಲೆಕ್ಕ. ಇಪ್ಪತ್ತು ಮನೆ ನೋಡಿ ಐದರಲ್ಲಿ ಮರಿ ಸಿಕ್ಕಿತು ಅಂತಿಟ್ಟುಕೊಳ್ಳಿ. ಶೇಕಡಾ 25, ಇದು ಮನೆ ಸೂಚ್ಯಂಕ. ಅರವತ್ತು ಪಾತ್ರೆಗಳಲ್ಲಿ ಒಂಬತ್ತರಲ್ಲಿ ಇತ್ತು ಅಂದರೆ ಪಾತ್ರೆ ಸೂಚ್ಯಂಕ 15. ನೂರು ಮನೆಗೆ ಎಷ್ಟು ಮರಿ ಇರುವ ಪಾತ್ರೆ ಅಂತ ಲೆಕ್ಕ ಹಾಕಿದರೆ 45, ಇದಕ್ಕೆ ಬ್ರೆಟ್ಯೂ ಸೂಚ್ಯಂಕ ಅಂತ ಹೆಸರು. ಆರೋಗ್ಯ ಇಲಾಖೆಯವರೂ ಹಾಕುವುದು ಇದೇ ಲೆಕ್ಕ. ಶೇಕಡಾ ಲೆಕ್ಕ ಬಾರದ ಹುಡುಗರು ಇದನ್ನು ತಾವಾಗೇ ಮಾಡಿದ್ದನ್ನು ನೋಡಿ ಗಣಿತದ ಟೀಚರ್ ನನ್ನನ್ನು ಸ್ವಲ್ಪ ಅನುಮಾನದಿಂದ ನೋಡಿದರು.

ಬಾಟಲಿ

ಸಿಕ್ಕ ಮರಿಗಳಲ್ಲಿ ಗುಂಪಿಗೆ ಹತ್ತು ಸಾಕು. ಅವು ಇದ್ದ ನೀರನ್ನೇ ಬಾಟಲಿಗೆ ಹಾಕಿ, ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ. ಬಿಸ್ಕತ್ತಿನ ಪುಡಿ ಚಿಟಿಕೆಯಷ್ಟು ಹಾಕಿದರೆ ಊಟವಾಯಿತು. ಪಾಪ ಅಂತ ಜಾಸ್ತಿ ಹಾಕಿದರೆ ನೀರು ಕೊಳೆತು ಎಲ್ಲ ಸಾಯುತ್ತವೆ. ಬಾಯಿಗೆ ಪರದೆಯನ್ನು ಎರಡು ಮಡಿಕೆ ಹಾಕಿ, ಎರಡು ರಬ್ಬರ್ ಬ್ಯಾಂಡ್ ಬಿಗಿಯಿರಿ.

ಎರಡು ಅಂತ ಯಾಕೆ ಹೇಳಿದೆ ಅಂದರೆ, ಮೊದಲ ವರ್ಷ ನಾನು ಒಂದೇ ಹಾಕಿಸಿದ್ದೆ. ಭಾನುವಾರ ಅದು ಪಟ್ ಅಂದಿರಬೇಕು. ಸೋಮವಾರ ಪ್ರಾರ್ಥನೆ ಮುಗಿಸಿ ಬಂದರೆ ಬಾಟಲಿ ಖಾಲಿ, ತರಗತಿ ತುಂಬ ಸೊಳ್ಳೆ. ಹೆಡ್ ಮೇಡಂ ಬಾಗಿಲಲ್ಲೇ ನಿಂತು ಕೇಳಿದರು: ‘ಸರ್, ಇದು ಡೆಂಗಿ ತಡೆಯೋ ಪ್ರಾಜೆಕ್ಟಾ, ಸೊಳ್ಳೆ ಸಾಕೋ ಪ್ರಾಜೆಕ್ಟಾ?’ ಆಗ ತಾನೇ ಎದ್ದ ಸೊಳ್ಳೆಯ ಮೈಯಲ್ಲಿ ಸಾಮಾನ್ಯವಾಗಿ ಡೆಂಗಿ ವೈರಸ್ ಇರುವುದಿಲ್ಲ. ರೋಗಿಯನ್ನು ಕಚ್ಚಿದ ಮೇಲೆ, ಅದೂ ಎಂಟು ಹತ್ತು ದಿನ ಕಳೆದ ಮೇಲೆ, ಅದು ಇನ್ನೊಬ್ಬರಿಗೆ ದಾಟಿಸುತ್ತದೆ. ಇದನ್ನೆಲ್ಲ ಅವರಿಗೆ ವಿವರಿಸಿದೆ. ಅವರು ಕೇಳುವ ಮೂಡಿನಲ್ಲಿರಲಿಲ್ಲ. ಈಗ ಶನಿವಾರ ಮಧ್ಯಾಹ್ನ ಪ್ಯೂಪಾ, ಅಂದರೆ ಸೊಳ್ಳೆಯಾಗುವ ಮುಂಚಿನ ಕೊನೆಯ ಹಂತ, ಕಂಡರೆ ಆ ಬಾಟಲಿಯನ್ನು ಅಲ್ಲೇ ಮುಗಿಸಿಬಿಡುತ್ತೇವೆ. ಪರದೆ ತೆಗೆಯದೆ ಮೇಲಿಂದಲೇ ಸೋಪಿನ ನೀರು ಸುರಿದು ಬಾಟಲಿ ತುಂಬಿಸಿದರೆ ಆಯಿತು.

ದಿನಕ್ಕೆ ಹತ್ತು ನಿಮಿಷ ನೋಡುವುದು, ಒಂದು ಚಿತ್ರ, ಐದು ಸಾಲು. ನೋಡಿ ಅಂತ ಸುಮ್ನೆ ಬಿಟ್ಟರೆ ಮಕ್ಕಳು ಏನೂ ನೋಡಲ್ಲ. ದಿನಕ್ಕೊಂದೇ ಪ್ರಶ್ನೆ ಬೋರ್ಡಿನ ಮೇಲಿರಲಿ. ಮೊದಲ ದಿನ ‘ಇದು ಯಾವ ಕಡೆಯಿಂದ ಉಸಿರಾಡುತ್ತದೆ?’ ತಲೆ ಕೆಳಗೆ, ಬಾಲದ ಕೊಳವೆ ನೀರಿನ ಮೇಲ್ಮೈಗೆ ತಾಗಿಸಿಕೊಂಡು ಓರೆಯಾಗಿ ನೇತಾಡುತ್ತಿರುವುದನ್ನು ಕಾಣಲು ಹೆಚ್ಚು ಹೊತ್ತು ಬೇಡ. ಮಲೇರಿಯಾ ಹರಡುವ ಅನಾಫಿಲಿಸ್ ಮರಿ ಸಿಕ್ಕಿದ್ದರೆ ಇನ್ನೂ ಒಳ್ಳೆಯದು. ಅದಕ್ಕೆ ಆ ಕೊಳವೆ ಇಲ್ಲ, ನೀರಿನ ಮೇಲೆ ಚಾಪೆ ಹಾಸಿದ ಹಾಗೆ ಮಲಗಿರುತ್ತದೆ. ಮಾರನೇ ದಿನ ‘ಕೈಯ ನೆರಳು ಬಿದ್ದರೆ ಏನು ಮಾಡುತ್ತದೆ?’ ಎಲ್ಲ ಒಟ್ಟಿಗೆ ತಳಕ್ಕೆ ಇಳಿಯುತ್ತವೆ. ಆ ಹೊತ್ತಿನಲ್ಲಿ ತರಗತಿಯಲ್ಲಿ ಏಳುವ ‘ಓ...’ ಇದೆಯಲ್ಲ, ಯಾವ ವಿಡಿಯೋ ತೋರಿಸಿದರೂ ಅದು ಬರುವುದಿಲ್ಲ. ಆಮೇಲೆ ‘ನೀರಲ್ಲಿ ತೇಲುವ ತೆಳ್ಳಗಿನ ಪೊರೆ ಏನು?’ ಆಮೇಲೆ ಅಲ್ಪವಿರಾಮದ ಹಾಗೆ ಬಾಗಿದ ಹೊಸ ಜೀವಿ, ಅಂದರೆ ಪ್ಯೂಪಾ, ಬಂದ ದಿನ ‘ಇದು ಊಟ ಮಾಡುತ್ತದೆಯೇ?’

ಬಿಸಿ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ, ಚಳಿ ಇದ್ದರೆ ಇನ್ನೂ ಜಾಸ್ತಿ. ವಾರಕ್ಕೊಮ್ಮೆ ‘ಡ್ರೈ ಡೇ’ ಮಾಡಿ ತೊಟ್ಟಿ ಖಾಲಿ ಮಾಡಿ ಅಂತ ಯಾಕೆ ಹೇಳುತ್ತಾರೆ ಅನ್ನುವುದನ್ನು ಮಕ್ಕಳು ತಮ್ಮ ನೋಟ್‌ಬುಕ್ಕಿನ ತಾರೀಕು ಎಣಿಸಿ ತಾವೇ ಹೇಳಲಿ. ನೀವು ಬಾಯಿ ಬಿಡಬೇಡಿ.

ಮಧ್ಯದಲ್ಲಿ ಒಂದು ಪ್ರಯೋಗ. ಎರಡು ಲೋಟದಲ್ಲಿ ಐದೈದು ಮರಿ, ಒಂದಕ್ಕೆ ಕೆಲವು ಹನಿ ತೆಂಗಿನ ಎಣ್ಣೆ. ಏನಾಗುತ್ತದೆ, ಯಾಕೆ ಅಂತ ಮೊದಲೇ ಬರೆಸಿ. ಎಣ್ಣೆಯ ಪದರದಿಂದ ಕೊಳವೆ ಕಟ್ಟಿ, ಸ್ವಲ್ಪ ಹೊತ್ತಿಗೆ ಮರಿಗಳು ಸೋಲುತ್ತವೆ. ‘ಪಾಪ ಅಲ್ವಾ ಸರ್?’ ಅಂತ ಒಬ್ಬರಾದರೂ ಕೇಳುತ್ತಾರೆ. ತಳ್ಳಿಹಾಕಬೇಡಿ. ಕಥೆ ಬರೆಯುವಾಗ ಅದೇ ಪ್ರಶ್ನೆ ಬೇಕಾಗುತ್ತದೆ.

ಈಗ ಬರವಣಿಗೆ

ನೋಡಿದ್ದು ಐದು ದಿನವಾದರೂ ಆಗಲಿ, ಆಮೇಲೆ ಪೆನ್ನು. ಈ ಕ್ರಮ ತಪ್ಪಿದರೆ ಬರುವುದು ‘ಒಂದಾನೊಂದು ಕಾಡಿನಲ್ಲಿ ಒಂದು ಸೊಳ್ಳೆ ಇತ್ತು’ ಅನ್ನುವ ಕಥೆ, ಕೊನೆಗೆ ಒಂದು ನೀತಿ. ನಾನು ಈ ಹೊತ್ತಿಗೆ ಮಕ್ಕಳಿಗೆ ರೊನಾಲ್ಡ್ ರಾಸ್ ಕಥೆ ಹೇಳುತ್ತೇನೆ. 1883ರಲ್ಲಿ ಅವರು ಬೆಂಗಳೂರಿನಲ್ಲಿ ಸೇನೆಯ ವೈದ್ಯರಾಗಿದ್ದರು. ತಮ್ಮ ಬಂಗಲೆಯ ಹತ್ತಿರದ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಹುಟ್ಟುವುದನ್ನು ಗಮನಿಸಿ, ನೀರು ನಿಲ್ಲದ ಹಾಗೆ ಮಾಡಿದರೆ ಸೊಳ್ಳೆ ಕಡಿಮೆಯಾಗುತ್ತದೆ ಅಂತ ಆಗಲೇ ಕಂಡುಕೊಂಡರು. ನಾವು ಮಾಡಿದ್ದೂ ಅದೇ ಅಲ್ವಾ! 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಸೀಳಿ ನೋಡಿದಾಗ ಮಲೇರಿಯಾ ಪರಾವಲಂಬಿ ಸಿಕ್ಕಿತು. ಅದರ ಖುಷಿಗೆ ಅವರು ಮಾಡಿದ್ದೇನು? ಒಂದು ಕವಿತೆ ಬರೆದರು. 1902ರಲ್ಲಿ ನೊಬೆಲ್ ಬಂತು. ಕಂಡಿದ್ದು ಮೊದಲು, ಕವಿತೆ ಆಮೇಲೆ.

ಬರೆಯಲು ಒಂದೇ ನಿಯಮ, ಅದನ್ನು ಗೋಡೆಗೆ ಅಂಟಿಸಿಬಿಡಿ: ಮನಸ್ಸು ನಿಮ್ಮದು, ಮೈ ಸೊಳ್ಳೆಯದು. ಅಂದರೆ ಸೊಳ್ಳೆ ಮಾತಾಡಬಹುದು, ಅಳಬಹುದು, ಅಮ್ಮನನ್ನು ನೆನೆಸಿಕೊಳ್ಳಬಹುದು. ಅದರ ಮೈಯಿಂದ ಆಗದ್ದನ್ನು ಮಾತ್ರ ಮಾಡುವಂತಿಲ್ಲ. ಗಂಡು ಸೊಳ್ಳೆ ಕಚ್ಚುವಂತಿಲ್ಲ. ಪ್ಯೂಪಾ ತಿನ್ನುವಂತಿಲ್ಲ. ಬರೆದದ್ದರಲ್ಲಿ ತಮ್ಮ ನೋಟ್‌ಬುಕ್ಕಿನಿಂದ ಬಂದ ಐದು ಸಂಗತಿ ಇರಬೇಕು, ಅವುಗಳಿಗೆ ಅಡಿಗೆರೆ ಹಾಕಬೇಕು.

ಮೊದಲು ಒಗಟು ಬರೆಸಿ. ಬರೆಯಲು ಹೆದರುವ ಮಕ್ಕಳೂ ಎರಡು ಸಾಲಿಗೆ ಹೆದರುವುದಿಲ್ಲ. ಮನೆಯಲ್ಲಿ ಅಜ್ಜಿ ಹೇಳಿದ ಒಗಟುಗಳ ಲಯ ಕಿವಿಯಲ್ಲಿ ಇದ್ದೇ ಇರುತ್ತದೆ. ಒಗಟಿನ ಗುಣ ಏನಂದರೆ, ಲಕ್ಷಣ ಸರಿಯಾಗಿ ಹಿಡಿಯದಿದ್ದರೆ ಅದು ನಿಲ್ಲುವುದೇ ಇಲ್ಲ.

ಬಾಲದಲ್ಲಿ ಮೂಗು, ತಲೆಕೆಳಗಾಗಿ ತೂಗು,
ನೆರಳು ಕಂಡರೆ ಪರಾರಿ. ನಾನ್ಯಾರು?

ಇದು ನಮ್ಮ ತರಗತಿಯದು. ಇನ್ನೊಂದು ಗುಂಪು ‘ನೀರಲ್ಲಿರ್ತೀನಿ, ಚಿಕ್ಕದಾಗಿರ್ತೀನಿ’ ಅಂತ ಬರೆಯಿತು. ಉತ್ತರ ಮೀನು, ಕಪ್ಪೆ ಮರಿ, ಪಾಚಿ ಏನು ಬೇಕಾದರೂ ಆಗಬಹುದು ಅಂತ ಉಳಿದವರು ಗಲಾಟೆ ಎಬ್ಬಿಸಿದರು. ವರ್ಗೀಕರಣದ ಪಾಠ ಅಲ್ಲೇ ಆಗಿಹೋಯಿತು.

ಎರಡನೆಯದು ದಿನಚರಿ, ಮರಿಯೇ ಬರೆದ ಹಾಗೆ. ತಾರೀಕು ನೋಟ್‌ಬುಕ್ಕಿನ ತಾರೀಕಿಗೆ ಹೊಂದಬೇಕು. ಹಿಂದಿನ ಬೆಂಚಿನ ಹುಡುಗನೊಬ್ಬ ಬರೆದದ್ದು: ‘ನಿನ್ನೆ ಮೂರನೇ ಸಲ ಅಂಗಿ ಬಿಚ್ಚಿದೆ. ಬಿಚ್ಚಿದ ಅಂಗಿ ನೀರಲ್ಲೇ ತೇಲುತ್ತಿದೆ, ನಾಚಿಕೆ.’ ಮೂರು ದಿನ ಬಿಟ್ಟು: ‘ಇವತ್ತಿಂದ ಊಟ ಬೇಡ. ಬಾಲದ ಮೂಗು ಹೋಯಿತು. ತಲೆ ಹತ್ತಿರ ಎರಡು ಕೊಂಬು ಬಂದಿವೆ, ಉಸಿರು ಈಗ ಅಲ್ಲಿಂದ.’ ಪರೀಕ್ಷೆಯಲ್ಲಿ ‘ರೂಪ ಪರಿವರ್ತನೆ ಎಂದರೇನು?’ ಪ್ರಶ್ನೆಗೆ ಅವನು ಖಾಲಿ ಬಿಟ್ಟಿದ್ದ.

ಇದಕ್ಕೆ ಉಲ್ಟಾ ಆದದ್ದೂ ಹೇಳಬೇಕು. ಅದೇ ಪ್ರಶ್ನೆಗೆ ಪೂರ್ತಿ ಅಂಕ ತೆಗೆದ ಹುಡುಗಿ ಕಥೆಯಲ್ಲಿ ಬರೆದಳು: ‘ಸಂಜೆ ಅಪ್ಪ ಸೊಳ್ಳೆ ರಕ್ತ ತಂದು ಮರಿಗಳಿಗೆ ಕುಡಿಸಿತು.’ ಒಂದೇ ಸಾಲು, ಮೂರು ತಪ್ಪು. ಗಂಡು ರಕ್ತ ಕುಡಿಯುವುದಿಲ್ಲ, ಹೂವಿನ ರಸ ಹೀರಿ ಬದುಕುತ್ತದೆ. ಮರಿಗಳ ಊಟ ನೀರಿನಲ್ಲಿರುವ ಸಣ್ಣ ಸಣ್ಣ ಕಣ. ಅಪ್ಪ ಅಮ್ಮ ಮರಿಗಳ ಹತ್ತಿರ ಬರುವುದೇ ಇಲ್ಲ. ಚಾರ್ಟು, ಪರೀಕ್ಷೆ ಎರಡರಲ್ಲೂ ಇದು ಸಿಕ್ಕಿಬಿದ್ದಿರಲಿಲ್ಲ.

ಇಂಥ ಕಡೆ ಕೆಂಪು ಪೆನ್ನು ತೆಗೆಯಬೇಡಿ. ನಾನು ಕೇಳಿದ್ದು ಇಷ್ಟೇ: ‘ನಿನ್ನ ಬಾಟಲಿಯ ಮರಿಗಳಿಗೆ ಊಟ ಯಾರು ತಂದುಕೊಟ್ಟರು?’ ಅವಳು ಹೋಗಿ ಬಾಟಲಿ ಮುಂದೆ ಕೂತಳು. ಮಾರನೇ ದಿನ ತಂದ ಸಾಲು ಇದು: ‘ಅಪ್ಪನನ್ನು ನಾವು ನೋಡೇ ಇಲ್ಲ. ಅಮ್ಮ ನೀರಿಗಿಂತ ಸ್ವಲ್ಪ ಮೇಲೆ, ತೊಟ್ಟಿಯ ಗೋಡೆಗೆ ನಮ್ಮನ್ನು ಅಂಟಿಸಿ ಹೋದವಳು ತಿರುಗಿ ಬರಲಿಲ್ಲ. ಮಳೆ ಬಂದು ನೀರು ಮುಟ್ಟುವವರೆಗೆ ಕಾದೆವು.’ ತಪ್ಪು ಹೋದ ಕೂಡಲೇ ಕಥೆಯೂ ಚೆನ್ನಾಯಿತು, ನೋಡಿ. ಈಡಿಸ್ ಮೊಟ್ಟೆ ಒಣಗಿದ ಗೋಡೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹಾಗಾಗಿಯೇ ತೊಟ್ಟಿಯ ನೀರು ಚೆಲ್ಲಿದರೆ ಸಾಲದು, ಒಳಗೋಡೆ ತಿಕ್ಕಬೇಕು. ಈ ವಿಷಯ ಅವಳ ಕಥೆಯಿಂದ ಇಡೀ ತರಗತಿಗೆ ಹೋಯಿತು.

ಮೂರನೆಯದು ಮಾತಿನ ಜಗಳ. ನಮ್ಮ ಕಡೆ ಮಕ್ಕಳಿಗೆ ತಾಳಮದ್ದಳೆ ಗೊತ್ತು. ವೇಷ ಬೇಡ, ಕುಣಿತ ಬೇಡ, ಕೂತು ಅರ್ಥ ಹೇಳಿದರಾಯಿತು. ಈಡಿಸ್, ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು, ಸಿಮೆಂಟ್ ತೊಟ್ಟಿ, ಆಶಾ ಕಾರ್ಯಕರ್ತೆ, ಮನೆ ಯಜಮಾನ, ಹೀಗೆ ಪಾತ್ರ ಹಂಚಿ. ಉತ್ತರ ಕರ್ನಾಟಕದವರು ಗೀಗೀ ಪದದ ಸವಾಲ್-ಜವಾಬ್ ಮಾಡಿಸಬಹುದು. ‘ನನಗೆ ಮೊಟ್ಟೆಗೆ ಪ್ರೋಟೀನ್ ಬೇಕು, ಅದಕ್ಕೇ ಕಚ್ಚುತ್ತೇನೆ, ನಿಮ್ಮ ಮೇಲೆ ದ್ವೇಷ ಏನಿಲ್ಲ’ ಅಂದ ಈಡಿಸ್‌ಗೆ ತೊಟ್ಟಿ ಪಾತ್ರದ ಹುಡುಗಿ ಹೇಳಿದ್ದು ನೆನಪಿದೆ: ‘ನನ್ನ ತಪ್ಪೇನು? ನನಗೆ ಮುಚ್ಚಳ ಮಾಡಿಸದವರನ್ನು ಕೇಳಿ.’ ಮನೆ ಯಜಮಾನ ಸುಮ್ಮನಾದ. ಗಪ್ಪಿಯ ವಿಷಯ ಬಂದಾಗ ಒಂದು ಎಚ್ಚರಿಕೆ ಹೇಳಿಬಿಡಿ. ಗಪ್ಪಿ, ಗ್ಯಾಂಬೂಸಿಯಾ ಎರಡೂ ಹೊರದೇಶದ ಮೀನು. ತೊಟ್ಟಿಗೆ ಸರಿ. ಹಳ್ಳ, ಕೆರೆಗೆ ಬಿಟ್ಟರೆ ಅಲ್ಲಿನ ಮೀನುಗಳಿಗೆ ಕುತ್ತು.

ಭಾಷೆಯ ಬಗ್ಗೆ ಒಂದು ಮಾತು. ಮೊದಲ ಸಲ ಓದುವಾಗ ಕಾಗುಣಿತ ತಿದ್ದಲು ಹೋಗಬೇಡಿ. ಮನೆಮಾತಿನ ಪದ ಬಂದರೆ ಬರಲಿ. ತುಳು ಮಾತಾಡುವ ಮಕ್ಕಳು ಸೊಳ್ಳೆಯನ್ನು ‘ಉಮಿಲ್’ ಅಂದರೆ ಅದೂ ಬರಲಿ. ಲಾರ್ವಾ, ಪ್ಯೂಪಾ ಮಾತ್ರ ಹಾಗೇ ಇರಬೇಕು. ಗುಂಪುಗಳು ಕಥೆ ಅದಲುಬದಲು ಮಾಡಿಕೊಂಡು ‘ಮೈ ತಪ್ಪು’ ಹುಡುಕಲಿ. ನನಗಿಂತ ಅವರ ಕಣ್ಣು ಚುರುಕು.

ಹೊರಗಿನವರು ಓದಲಿ

ತರಗತಿಯೊಳಗೇ ಮುಗಿದರೆ ಅರ್ಧ ಪ್ರಾಜೆಕ್ಟ್. ಒಗಟು, ದಿನಚರಿ ಗೋಡೆ ಪತ್ರಿಕೆಗೆ ಹೋಗಲಿ. ಸಮೀಕ್ಷೆಯ ಲೆಕ್ಕ ಪಂಚಾಯಿತಿಗೆ ಪತ್ರವಾಗಿ ಹೋಗಲಿ. ಪತ್ರದಲ್ಲಿ ‘ಸ್ವಚ್ಛತೆ ಕಾಪಾಡಬೇಕಾಗಿ ವಿನಂತಿ’ ಅನ್ನುವ ಸವಕಲು ಸಾಲು ಹೊಡೆದುಹಾಕಿಸಿ. ಎಷ್ಟು ಮನೆ ನೋಡಿದೆವು, ಯಾವ ಬಗೆಯ ಪಾತ್ರೆಯಲ್ಲಿ ಜಾಸ್ತಿ ಸಿಕ್ಕಿತು, ಏನು ಬೇಕು, ಎಂದಿನೊಳಗೆ ಬೇಕು, ಇಷ್ಟಿರಲಿ. ಮನೆಯವರ ಹೆಸರು ಬೇಡ, ಊರಲ್ಲಿ ಮುಖ ನೋಡಿಕೊಂಡು ಬದುಕಬೇಕಲ್ಲ. ಮಕ್ಕಳ ಗ್ರಾಮಸಭೆ ಹತ್ತಿರವಿದ್ದರೆ ತಾಳಮದ್ದಳೆಯನ್ನು ಅಲ್ಲೇ ಆಡಿಸಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ ಮೇಲೆ ದೊಡ್ಡವರೂ ಈ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳುತ್ತಾರೆ. ಎರಡು ವಾರ ಬಿಟ್ಟು ಅದೇ ಇಪ್ಪತ್ತು ಮನೆಗೆ ಮತ್ತೊಮ್ಮೆ ಹೋಗಿ. 25 ಇದ್ದ ಸಂಖ್ಯೆ ಎಷ್ಟಾಗಿದೆ? ಇಳಿಯದಿದ್ದರೂ ಬೇಸರ ಬೇಡ, ಯಾಕೆ ಇಳಿಯಲಿಲ್ಲ ಅನ್ನುವುದೂ ಪ್ರಶ್ನೆಯೇ.

ಅಂಕ ಕೊಡಲೇಬೇಕಲ್ಲ, ರೂಪಣಾತ್ಮಕ ಮೌಲ್ಯಮಾಪನದಲ್ಲಿ ಇದು ಸುಲಭವಾಗಿ ಸೇರುತ್ತದೆ. ನಾನು ಅರ್ಧ ಅಂಕ ನೋಟ್‌ಬುಕ್ಕಿಗೆ ಇಡುತ್ತೇನೆ. ಉಳಿದ ಅರ್ಧ ಕಥೆಗೆ, ಅದರಲ್ಲೂ ಮೊದಲ ಕರಡಿನಿಂದ ಎರಡನೆಯದಕ್ಕೆ ಏನು ಬದಲಾಯಿತು ಅನ್ನುವುದಕ್ಕೆ. ಚೆಂದದ ಅಕ್ಷರಕ್ಕೆ, ಥರ್ಮಾಕೋಲಿಗೆ ಸೊನ್ನೆ. ಪೋಷಕರು ಒಂದಿಬ್ಬರು ಜಗಳಕ್ಕೆ ಬಂದದ್ದೂ ಇದೆ.

ಬೇರೆ ಪಾಠಕ್ಕೂ ಇದೇ ದಾರಿ ನಡೆಯುತ್ತದೆ. ರಾತ್ರಿ ಉಬ್ಬುವ ದೋಸೆ ಹಿಟ್ಟು, ತುಕ್ಕು ಹಿಡಿಯುವ ಮೊಳೆ, ಒಂದು ತಿಂಗಳು ದಿನಾ ನೋಡಿದ ಚಂದ್ರ. ಮಗು ದಿನವೂ ಕಣ್ಣಾರೆ ಕಾಣುವಂಥದ್ದು, ದಿನದಿಂದ ದಿನಕ್ಕೆ ಬದಲಾಗುವಂಥದ್ದು ಇದ್ದರೆ ಸಾಕು. ಪರಮಾಣು ರಚನೆಗೆ ನಾನು ಇದನ್ನು ಪ್ರಯತ್ನಿಸಿ ಕೈ ಸುಟ್ಟುಕೊಂಡಿದ್ದೇನೆ, ಎಲೆಕ್ಟ್ರಾನ್ ಆತ್ಮಕಥೆಗಳೆಲ್ಲ ಪಾಠಪುಸ್ತಕವೇ ‘ನಾನು’ ಅಂತ ಮಾತಾಡಿದ ಹಾಗಿದ್ದವು.

ಕೊನೆಯ ದಿನ ಬೀರುವಿನಿಂದ ಕವರ್ ತೆಗೆಯಿರಿ. ಮೂರು ವಾರದ ಹಿಂದೆ ತಾವೇ ಬರೆದದ್ದನ್ನು ಓದಿ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗು ನಿಂತ ಮೇಲೆ ಹಾಳೆಯ ಹಿಂದೆ ಹಳೆಯ ತಮಗೇ ಒಂದು ಪತ್ರ ಬರೆಯಲಿ. ‘ಸೊಳ್ಳೆ ಚರಂಡಿಯಿಂದ ಬರುತ್ತದೆ’ ಅಂತ ಬರೆದಿದ್ದ ಹುಡುಗ ಕಳೆದ ವರ್ಷ ಹಾಳೆಯ ಹಿಂಬದಿಯಲ್ಲಿ ಬರೆದದ್ದು ಒಂದೇ ಸಾಲು: ‘ಚರಂಡಿ ಆಮೇಲೆ ನೋಡು ಮಾರಾಯ, ಮೊದಲು ನಿಮ್ಮನೆ ಫ್ರಿಜ್ ಹಿಂದೆ ಬಗ್ಗಿ ನೋಡು.’